ಹಾರುವ ತಟ್ಟೆಯ ಹೆಸರು ಹೇಳುವವರು

(ಶಿವಮೊಗ್ಗದಲ್ಲಿ ಗೆಳೆಯರ ಬಳಗವೊಂದು ಭಾನುವಾರ ಸಂಜೆ ಸೇರಿದಾಗ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕರೆಂಟ್ ಹೋಗಿದ್ದಾಗ ಆಡಿದ ಹರಟೆಯನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊರಗೆ ಈ ಪಾಟಿ ಮಳೆ ಹೊಯ್ಯುತ್ತಿದೆ. ಆದರೂ ಬಂದಿದ್ದೀರಿ. ನನ್ನ ಮಾತು ಕೇಳಲು ಬಂದವರು ಎಷ್ಟು ಜನ, ಆಮೇಲಿನ ಮಂಡಕ್ಕಿ ಮೆಣಸಿನಕಾಯಿಗೆ ಬಂದವರು ಎಷ್ಟು ಜನ ಅಂತ ನಾನು ಕೇಳುವುದಿಲ್ಲ.

ನಾನು ಮೈಕಿನ ಮನುಷ್ಯ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ನಡೆದರೆ ಶಾಮಿಯಾನದ ಕೆಳಗೆ ಕೂತು ಕಾಮೆಂಟ್ರಿ ಹೇಳುತ್ತೇನೆ. ಮಧ್ಯೆ ಮಧ್ಯೆ ದಾನಿಗಳ ಹೆಸರು ಓದುತ್ತೇನೆ. ಯಾರದೋ ಬೈಕಿನ ಕೀ ಸಿಕ್ಕಿದೆ ಅಂತಲೂ ಕೂಗುತ್ತೇನೆ. ವೀಕ್ಷಕ ವಿವರಣೆ ಬಗ್ಗೆ ನಾಲ್ಕು ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಕ್ರಿಕೆಟ್ ಬಗ್ಗೆ ಮಾತಾಡಿದರೆ ನಿಮಗೆ ನನಗಿಂತ ಜಾಸ್ತಿ ಗೊತ್ತಿರುತ್ತದೆ. ಅದಕ್ಕೆ ಇಲ್ಲಿ ಯಾರೂ ಆಡದ ಒಂದು ಆಟ ಆರಿಸಿಕೊಂಡಿದ್ದೇನೆ. ತಪ್ಪು ಹಿಡಿಯಲು ಬರುವವರು ಕಡಿಮೆ, ಅಲ್ವಾ?

ಆಟದ ಹೆಸರು ಡಿಸ್ಕ್ ಗಾಲ್ಫ್. ಇದರ ಹುಚ್ಚು ಹಿಡಿಸಿದವನು ನನ್ನ ಅಕ್ಕನ ಮಗ. ಬೆಂಗಳೂರಲ್ಲಿ ಕೆಲಸ. ಎರಡು ವರ್ಷದ ಹಿಂದೆ ಅಡಿಕೆ ಕೊಯ್ಲಿಗೆ ಅಂತ ಊರಿಗೆ ಬಂದ. ಕೊಯ್ಲಿಗೆ ಬಂದವನು ಜಗಲಿ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ಇಣುಕಿದೆ. ಯಾವನೋ ಒಬ್ಬ ಊಟದ ತಟ್ಟೆಯಂಥದ್ದನ್ನು ಕಾಡಿನ ನಡುವೆ ಬೀಸಿ ಎಸೆದ. ಅದು ಹತ್ತು ಮಾರು ಹೋಗುವುದರೊಳಗೆ ಕಾಮೆಂಟ್ರಿಯವನು ಅದರ ಹೆಸರು ಹೇಳಿಬಿಟ್ಟ. 'ತಟ್ಟೆ ಎಸೆದ' ಅಂತಲ್ಲ. ಯಾವ ಕಂಪನಿಯದು, ಯಾವ ಅಚ್ಚಿನದು, ಎಲ್ಲ.

"ಇವನಿಗೆ ಹೇಗೋ ಗೊತ್ತಾಯ್ತು?" ಅಂತ ಕೇಳಿದೆ.

"ನೋಡಿದ್ರೆ ಗೊತ್ತಾಗುತ್ತೆ ಮಾವ" ಅಂದ.

ನನಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಮೈಕ್ ಹಿಡಿದವನಿಗೆ ಅದು ಚುಚ್ಚಿತು. ಅವತ್ತಿನಿಂದ ಆ ಪ್ರಸಾರಗಳನ್ನು ನೋಡುತ್ತಾ ಬಂದಿದ್ದೇನೆ. ಆಟಕ್ಕಿಂತ ಜಾಸ್ತಿ, ಹೇಳುವವರ ಮಾತನ್ನು ಕೇಳುತ್ತಾ ಬಂದಿದ್ದೇನೆ.

ಆಟ ಏನು ಅಂತ ಎರಡು ಮಾತಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಗಾಲ್ಫ್‌ನಲ್ಲಿ ಚೆಂಡನ್ನು ಕುಳಿಗೆ ಹಾಕುತ್ತಾರೆ. ಇಲ್ಲಿ ಡಿಸ್ಕನ್ನು ಬುಟ್ಟಿಗೆ ಹಾಕುತ್ತಾರೆ. ಕಂಬಕ್ಕೆ ಒಂದು ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ಡಿಸ್ಕ್ ಸರಪಳಿಗೆ ಬಡಿದು ಝಲ್ ಅಂತ ಬುಟ್ಟಿಗೆ ಬೀಳಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ಸಾಮಾನ್ಯವಾಗಿ 18 ಬುಟ್ಟಿ. ಈ ಸರಪಳಿ ಬುಟ್ಟಿ ಮಾಡಿದವನು ಎಡ್ ಹೆಡ್ರಿಕ್, ಅಮೆರಿಕದವನು. ಫ್ರಿಸ್ಬಿಗೆ ಈಗಿನ ರೂಪ ಕೊಟ್ಟು 1967ರಲ್ಲಿ ಪೇಟೆಂಟ್ ಪಡೆದವನೂ ಅವನೇ. 1976ರಲ್ಲಿ ಈ ಆಟದ ವೃತ್ತಿಪರ ಸಂಘ ಕಟ್ಟಿದ. 2002ರಲ್ಲಿ ಸತ್ತಾಗ, ಅವನ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ಗೆ ಬೆರೆಸಿ ಡಿಸ್ಕ್ ಮಾಡಿದರು. ನಾವು ತುಂಗೆಗೆ ಬಿಡುತ್ತೇವೆ, ಅವರು ಗಾಳಿಗೆ ಬಿಟ್ಟರು.

ಈಗ ಸಾಮಾನಿಗೆ ಬರೋಣ. ಕ್ರಿಕೆಟಿಗನ ಕೈಲಿ ಒಂದು ಬ್ಯಾಟು. ಇವರ ಚೀಲದಲ್ಲಿ ಇಪ್ಪತ್ತು ಡಿಸ್ಕ್. ದೂರಕ್ಕೆ ಎಸೆಯುವುದಕ್ಕೆ ಡ್ರೈವರ್, ನಡುವಿನ ದೂರಕ್ಕೆ ಮಿಡ್‌ರೇಂಜ್, ಬುಟ್ಟಿಗೆ ಹಾಕಲು ಪಟ್ಟರ್. ಡ್ರೈವರ್ ಅಂದಾಗ ಸರ್ಕಾರಿ ಬಸ್ಸಿನ ಡ್ರೈವರನ್ನು ನೆನಪಿಸಿಕೊಳ್ಳಬೇಡಿ. ಡ್ರೈವರ್‌ನ ಅಂಚು ಅಗಲ, ತುದಿ ಚೂಪು. ಪಟ್ಟರ್‌ನ ಅಂಚು ಕಿರಿದು, ದುಂಡು. ಡಿಸ್ಕಿನ ಅಡ್ಡಗಲ ಕಡಿಮೆ ಅಂದರೂ 21 ಸೆಂಟಿಮೀಟರ್ ಇರಬೇಕು. ಅಂಚಿನ ಅಗಲ 2.6 ಸೆಂಟಿಮೀಟರ್ ದಾಟಬಾರದು. ಒಂದು ಸೆಂಟಿಮೀಟರ್ ಅಡ್ಡಗಲಕ್ಕೆ 8.3 ಗ್ರಾಂಗಿಂತ ಜಾಸ್ತಿ ತೂಗಬಾರದು. ಅದಕ್ಕೇ ಡ್ರೈವರ್‌ಗಳು 175 ಗ್ರಾಂ ಆಸುಪಾಸಿಗೆ ನಿಲ್ಲುತ್ತವೆ. ಎಲ್ಲ ಕಂಪನಿಗಳೂ ಈ ಚೌಕಟ್ಟಿನೊಳಗೇ ತಿಣುಕಬೇಕು. ಅಂದರೆ ದೂರದಿಂದ ನೋಡಿದರೆ ಎಲ್ಲವೂ ಒಂದೇ ಥರ.

ಇನ್ನೋವಾ ಅನ್ನುವ ಕಂಪನಿ ಪ್ರತಿ ಡಿಸ್ಕಿಗೆ ನಾಲ್ಕು ಅಂಕಿ ಕೊಡುವ ಪದ್ಧತಿ ತಂದಿತು. ಮೊದಲನೆಯದು ವೇಗ, ಎರಡನೆಯದು ತೇಲುವ ಗುಣ. ಮೂರನೆಯದು ಜೋರಿನಲ್ಲಿದ್ದಾಗ ಎಷ್ಟು ಬಲಕ್ಕೆ ವಾಲುತ್ತದೆ ಅಂತ, ಮೈನಸ್ ಹೆಚ್ಚಿದಷ್ಟೂ ಬಲಕ್ಕೆ ಹೆಚ್ಚು. ನಾಲ್ಕನೆಯದು ಜೋರು ಇಳಿದಾಗ ಎಷ್ಟು ಎಡಕ್ಕೆ ಬೀಳುತ್ತದೆ ಅಂತ. ಬಲಗೈಯವನು ಎದೆಗಡ್ಡ ಕೈ ತಂದು ಬೀಸುವ ಎಸೆತಕ್ಕೆ ಈ ಲೆಕ್ಕ. ಡೆಸ್ಟ್ರಾಯರ್ ಅನ್ನುವ ಡ್ರೈವರ್‌ಗೆ 12, 5, -1, 3. ಏವಿಯಾರ್ ಅನ್ನುವ ಪಟ್ಟರ್‌ಗೆ 2, 3, 0, 1. ಡಿಸ್ಕ್ರಾಫ್ಟ್ ಕಂಪನಿಯ ಬಝ್ ಮಿಡ್‌ರೇಂಜ್‌ಗೆ 5, 4, -1, 1. ಬಝ್‌ಗೆ ಇಂಗ್ಲಿಷಿನಲ್ಲಿ ಮೂರು ಝಡ್ ಹಾಕಿ ಬರೆಯುತ್ತಾರೆ. ಕನ್ನಡದಲ್ಲಿ ಆ ಉಸಾಬರಿ ಇಲ್ಲ.

ಇಷ್ಟು ಕೇಳಿದ ಮೇಲೆ ನಿಮಗೆ ಅಡಿಕೆ ಮಂಡಿ ನೆನಪಾಗಿರಬೇಕು. ನನಗೂ ಆಯಿತು. ಹೊರಗಿನವನಿಗೆ ಅಡಿಕೆ ಅಂದರೆ ಅಡಿಕೆ. ಶಿವಮೊಗ್ಗದ ಮಾರುಕಟ್ಟೆಗೆ ಹೋಗಿ ನೋಡಿ. ಸರಕು, ಬೆಟ್ಟೆ, ರಾಶಿ, ಗೊರಬಲು. ಸಾಗರಕ್ಕೆ ಹೋದರೆ ಚಾಲಿ, ಕೆಂಪುಗೋಟು, ಬಿಳೆಗೋಟು, ಸಿಪ್ಪೆಗೋಟು ಅಂತ ಬೇರೆ ಪಟ್ಟಿ. ಮಂಡಿಯವನು ಚೀಲದೊಳಗೆ ಕೈ ಹಾಕಿ ಒಂದು ಮುಷ್ಟಿ ತೆಗೆಯುತ್ತಾನೆ, ನೋಡುತ್ತಾನೆ, ಮುಗಿಯಿತು. ಆದರೆ ಸ್ವಲ್ಪ ಗಮನಿಸಿ. ಅವನು ಚೀಲ ನೋಡುವ ಮುಂಚೆ ನಿಮ್ಮ ಮುಖ ನೋಡಿರುತ್ತಾನೆ. ನೀವು ಯಾವ ಊರಿನವರು, ಹೋದ ವರ್ಷ ಏನು ತಂದಿದ್ದಿರಿ, ಈಗ ಕೊಯ್ಲು ಮೊದಲನೆಯದೋ ಕೊನೆಯದೋ, ಎಲ್ಲ ಅವನ ತಲೆಯಲ್ಲಿ ಇರುತ್ತದೆ. ಮುಷ್ಟಿ ತೆಗೆಯುವ ಹೊತ್ತಿಗೆ ಮುಕ್ಕಾಲು ತೀರ್ಮಾನ ಆಗಿರುತ್ತದೆ. ಕಣ್ಣು ಮಾಡುವುದು ಉಳಿದ ಕಾಲು ಭಾಗ.

ಡಿಸ್ಕ್ ಕಾಮೆಂಟ್ರಿಯ ಗುಟ್ಟೂ ಅಲ್ಲೇ ಇದೆ. ನೋಡಿದರೆ ಗೊತ್ತಾಗುತ್ತದೆ ಅನ್ನುವುದು ಅರ್ಧ ಸುಳ್ಳು. ನೋಡುವ ಮೊದಲೇ ಬಹಳಷ್ಟು ಗೊತ್ತಿರುತ್ತದೆ.

ಮೊದಲು, ಕಣ್ಣನ್ನು ನಂಬಿ ನಾನು ಕೆಟ್ಟ ಕಥೆ ಹೇಳುತ್ತೇನೆ. ತೀರ್ಥಹಳ್ಳಿ ಹತ್ತಿರ ಒಂದು ಟೂರ್ನಮೆಂಟ್. ಒಂದೇ ತಂಡದಲ್ಲಿ ಅಣ್ಣ ತಮ್ಮ ಇಬ್ಬರೂ ಇದ್ದರು. ಒಬ್ಬ ಸಿಕ್ಸ್ ಹೊಡೆದ. ಜರ್ಸಿಯ ಬೆನ್ನ ಮೇಲಿನ ಹೆಸರು ಓದಿ ನಾನು ಅಣ್ಣನನ್ನು ಹಾಡಿ ಹೊಗಳಿದೆ. ಇನ್ನೊಂದು ಸಿಕ್ಸ್. ಇನ್ನಷ್ಟು ಹೊಗಳಿದೆ. ಐದು ನಿಮಿಷಕ್ಕೆ ಒಬ್ಬ ಹುಡುಗ ಮೇಜಿನ ಹತ್ತಿರ ಓಡಿ ಬಂದ. "ಅಣ್ಣಾ, ಅವರಮ್ಮ ಹೇಳಿ ಕಳಿಸಿದ್ರು. ಆಡ್ತಿರೋದು ಚಿಕ್ಕವನಂತೆ. ದೊಡ್ಡವನು ಚಹಾ ಕುಡೀತಾ ಇದಾನೆ." ತಮ್ಮ ಅವತ್ತು ಅಣ್ಣನ ಜರ್ಸಿ ಹಾಕಿಕೊಂಡು ಬಂದಿದ್ದ. ಮೈದಾನವೆಲ್ಲ ನಕ್ಕಿತು. ಆ ತಾಯಿ ಅಷ್ಟು ದೂರದಿಂದ ಜರ್ಸಿ ಓದಲಿಲ್ಲ. ಮಗ ನಿಲ್ಲುವ ಭಂಗಿ ನೋಡಿದ್ದರು.

ಡಿಸ್ಕಿನ ಮೇಲಿನ ಚಿತ್ರವೂ ಈ ಜರ್ಸಿ ಇದ್ದ ಹಾಗೆ. ಬಿಸಿ ಹಾಳೆಯಿಂದ ಒತ್ತಿದ ಹೊಳೆಯುವ ಮುದ್ರೆ ಅದು. ಮರಕ್ಕೆ ಬಡಿದು, ಕಲ್ಲಿಗೆ ಉಜ್ಜಿ ಅಳಿಸಿ ಹೋಗುತ್ತದೆ. ಕೆಲವರು ಬೇಕೆಂದೇ ಅಳಿಸುತ್ತಾರೆ. ಕೆಲವರು ಬಣ್ಣದಲ್ಲಿ ಅದ್ದಿ ಬೇರೆ ಚಿತ್ರ ಬರೆಸುತ್ತಾರೆ. ಒಂದೇ ಅಚ್ಚಿನ ಡಿಸ್ಕ್ ಹತ್ತು ಬಗೆಯ ಮುದ್ರೆಯಲ್ಲಿ ಬರುತ್ತದೆ. ಇನ್ನು ಬಣ್ಣ. ಒಂದೇ ಡಿಸ್ಕ್ ಕೆಂಪು, ಹಳದಿ, ಗುಲಾಬಿ, ನೀಲಿ ಎಲ್ಲದರಲ್ಲೂ ಸಿಗುತ್ತದೆ. ಎಲೆ ರಾಶಿಯಲ್ಲಿ ಹುಡುಕಲು ಸುಲಭ ಆಗಲಿ ಅಂತ ಆಟಗಾರ ಬಣ್ಣ ಆರಿಸುತ್ತಾನೆಯೇ ಹೊರತು ನಮಗೆ ಗುರುತು ಸಿಗಲಿ ಅಂತಲ್ಲ.

ಹಾಗಾದರೆ ಬಣ್ಣ ದಂಡವೇ? ಇಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಇದೆ. ಲೋಕದ ಎಲ್ಲ ಗುಲಾಬಿ ಡಿಸ್ಕ್ ತೆಗೆದುಕೊಂಡರೆ ಗುಲಾಬಿ ಬಣ್ಣಕ್ಕೆ ಅರ್ಥ ಇಲ್ಲ. ಆದರೆ ಈ ಆಟಗಾರನ ಈ ವಾರದ ಚೀಲದಲ್ಲಿ ಗುಲಾಬಿ ಇರುವುದು ಒಂದೇ ಆದರೆ? ಆಗ ಬಣ್ಣವೇ ಅದರ ಹೆಸರು. ಮೊದಲ ದಿನ ನಾಲ್ಕನೆಯ ಬುಟ್ಟಿಯಲ್ಲಿ ಅದು ಯಾವುದು ಅಂತ ಒಂದು ಸಲ ಖಾತ್ರಿ ಮಾಡಿಕೊಂಡರೆ ಸಾಕು. ಮೂರನೆಯ ದಿನ ಅದು ಚೀಲದಿಂದ ತಲೆ ಎತ್ತುವಾಗಲೇ ಹೇಳಬಹುದು. ನಮ್ಮ ಕೊಟ್ಟಿಗೆಯಲ್ಲಿ 'ಕೆಂದ' ಅಂದರೆ ಒಂದೇ ದನ. ಜಾತ್ರೆಯಲ್ಲಿ ನಿಂತು ಕೆಂದ ಅಂದರೆ ನಲವತ್ತು ದನ ತಿರುಗಿ ನೋಡುತ್ತವೆ.

ಹಾಗಾಗಿ ಮೊದಲ ಕೆಲಸ ಚೀಲ ತಿಳಿದುಕೊಳ್ಳುವುದು. ಆಟಗಾರರು ತಮ್ಮ ಚೀಲದಲ್ಲಿ ಏನಿದೆ ಅಂತ ವಿಡಿಯೊ ಮಾಡಿ ಹಾಕುತ್ತಾರೆ. ಅದನ್ನು ನೋಡಿದರೆ ಅರ್ಧ ಪಾಠ ಆಯಿತು. ಅದಕ್ಕಿಂತ ದೊಡ್ಡ ಸುಳಿವು ಪ್ರಾಯೋಜಕರು. ದೊಡ್ಡ ಆಟಗಾರರು ಒಂದು ಕಂಪನಿಗೆ ಒಪ್ಪಂದದಲ್ಲಿರುತ್ತಾರೆ, ಹೆಚ್ಚಾಗಿ ಆ ಕಂಪನಿಯದನ್ನೇ ಎಸೆಯುತ್ತಾರೆ. ಮಾರುಕಟ್ಟೆಯಲ್ಲಿ ನೂರಾರು ಅಚ್ಚು ಇರಬಹುದು. ಆಟಗಾರ ಯಾರು ಅಂತ ಗೊತ್ತಾದ ಕೂಡಲೇ ಆ ಕಂಪನಿಯವು ಮಾತ್ರ ಉಳಿದವು. ದೂರ ಎಷ್ಟು ಅಂತ ನೋಡಿದರೆ ಐದಾರು. ಗಾಳಿ ಯಾವ ಕಡೆ, ದಾರಿ ಎಡಕ್ಕೋ ಬಲಕ್ಕೋ ಅಂತ ನೋಡಿದರೆ ಎರಡು. ಇನ್ನೂ ಎಸೆದೇ ಇಲ್ಲ, ನೆನಪಿರಲಿ.

ಇದರ ತೊಂದರೆ ಏನು ಅಂದರೆ ಆಟಗಾರ ಕಂಪನಿ ಬದಲಿಸಿದ ದಿನ ಹೇಳುವವನ ಕಣ್ಣು ಕುರುಡಾಗುತ್ತದೆ. ಪಾಲ್ ಮೆಕ್‌ಬೆತ್ ಅಂತ ಆರು ಸಲ ವಿಶ್ವ ಚಾಂಪಿಯನ್ ಆದ ಆಟಗಾರ ಇದ್ದಾನೆ. ಮೊದಲ ನಾಲ್ಕು ಸಲ, 2012ರಿಂದ 2015ರವರೆಗೆ ಸಾಲಾಗಿ ಗೆದ್ದಾಗ, ಅವನ ಕೈಲಿ ಇನ್ನೋವಾ. 2019ಕ್ಕೆ ಡಿಸ್ಕ್ರಾಫ್ಟ್‌ಗೆ ಹೋದ. 2021ರಲ್ಲಿ ಅದೇ ಕಂಪನಿ ಅವನ ಜೊತೆ ಹತ್ತು ವರ್ಷಕ್ಕೆ ಒಂದು ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ತಟ್ಟೆ ಎಸೆಯುವುದಕ್ಕೆ! ನನ್ನ ಅಕ್ಕ ಇದನ್ನು ಕೇಳಿ ಮಗನ ಮುಖ ನೋಡಿದಳು, ಕೆಲಸ ಬಿಡಿಸಿ ಇದಕ್ಕೇ ಹಾಕಬಹುದಿತ್ತೇನೋ ಅನ್ನುವ ಹಾಗೆ. ಅದಿರಲಿ. ಅವನು ಬೀಸಿ ಎಸೆದ ಕೂಡಲೇ 'ಡೆಸ್ಟ್ರಾಯರ್' ಅಂದು ಅಭ್ಯಾಸವಾದ ನಾಲಿಗೆ ಆಮೇಲೆ ಡಿಸ್ಕ್ರಾಫ್ಟ್‌ನ ಡ್ರೈವರ್ 'ಝ್ಯೂಸ್' ಹೆಸರು ಹೇಳಬೇಕಾಯಿತು. ಮನೆ ಬದಲಿಸಿದ ಮೇಲೂ ಕಾಲು ಹಳೆ ಓಣಿಗೇ ತಿರುಗುತ್ತದಲ್ಲ, ಹಾಗೆ.

ಇನ್ನೊಂದು ಉದಾಹರಣೆ ಇದಕ್ಕೆ ತದ್ವಿರುದ್ಧ. ಎಂವಿಪಿ ಅಂತ ಒಂದು ಕಂಪನಿ. ಅವರ ಡಿಸ್ಕ್‌ಗಳು ಎರಡು ಪ್ಲಾಸ್ಟಿಕ್ ಸೇರಿಸಿ ಮಾಡಿದವು. ನಡುವಿನ ತಟ್ಟೆ ಒಂದು ಬಣ್ಣ, ಹೊರ ಅಂಚು ಕಪ್ಪು. ಅವರದೇ ಇನ್ನೊಂದು ಬ್ರ್ಯಾಂಡ್ ಆಕ್ಸಿಯಮ್. ಅದರಲ್ಲಿ ಅಂಚಿಗೂ ಬಣ್ಣ. ತೂಕವನ್ನು ಅಂಚಿಗೆ ತಂದರೆ ಚೆನ್ನಾಗಿ ತಿರುಗುತ್ತದೆ ಅನ್ನುವುದು ಅವರ ವಾದ. ವಾದ ಏನೇ ಇರಲಿ, ಹೇಳುವವನಿಗೆ ವರದಾನ. ಗಾಳಿಯಲ್ಲಿ ತಿರುಗುವಾಗಲೂ ಆ ಉಂಗುರ ಕಾಣುತ್ತದೆ. ಸೈಮನ್ ಲಿಜೊಟ್ ಅನ್ನುವ ಜರ್ಮನಿಯ ಆಟಗಾರ 2023ರಲ್ಲಿ ಡಿಸ್ಕ್‌ಮೇನಿಯಾ ಬಿಟ್ಟು ಎಂವಿಪಿಗೆ ಬಂದ. ಎಸೆಯುವ ಶೈಲಿ ಅದೇ, ಕೈಯಿಂದ ಹೊರಟದ್ದಕ್ಕೆ ಮಾತ್ರ ಕರಿ ಅಂಚು.

ಈಗ ಕೈ ನೋಡೋಣ. ನಾನು ಕಲಿತದ್ದರಲ್ಲಿ ಬೇಗ ಉಪಯೋಗಕ್ಕೆ ಬಂದದ್ದು ಇದೇ. ದೂರ ಎಸೆಯಬೇಕಾದರೆ ನಾಲ್ಕೂ ಬೆರಳು ಅಂಚಿನೊಳಗೆ ಮಡಚಿ ಬಿಗಿಯಾಗಿ ಹಿಡಿಯುತ್ತಾರೆ. ಪಟ್ಟರ್ ಆದರೆ ಬೆರಳುಗಳನ್ನು ಬೀಸಣಿಗೆಯ ಹಾಗೆ ಅಡಿಯಲ್ಲಿ ಹರಡುತ್ತಾರೆ. ಹೆಬ್ಬೆರಳಿನ ಪಕ್ಕದಲ್ಲಿ ಅಂಚು ಎಷ್ಟು ಅಗಲ ಕಾಣುತ್ತದೆ ಅಂತ ನೋಡಿ. ಡೆಸ್ಟ್ರಾಯರ್‌ನಂಥದ್ದಕ್ಕೆ ಎರಡು ಸೆಂಟಿಮೀಟರ್‌ಗಿಂತ ಜಾಸ್ತಿ, ಪಟ್ಟರ್‌ಗೆ ಅದರ ಅರ್ಧದಷ್ಟು. ಕ್ಯಾಮೆರಾ ಹಿಂದಿನಿಂದ ಹಿಡಿದಿದ್ದರೆ ಇದು ಕಾಣುತ್ತದೆ. ಮತ್ತೆ ಪ್ಲಾಸ್ಟಿಕ್. ಇನ್ನೋವಾದ 'ಚಾಂಪಿಯನ್' ಅನ್ನುವ ಪ್ಲಾಸ್ಟಿಕ್ ಗಾಜಿನಂತೆ ಬೆಳಕನ್ನು ಆಚೆ ಬಿಡುತ್ತದೆ, 'ಸ್ಟಾರ್' ಬಿಡುವುದಿಲ್ಲ. ಡಿಸ್ಕ್ರಾಫ್ಟ್‌ನಲ್ಲಿ 'ಝಡ್' ಬಿಡುತ್ತದೆ, 'ಇಎಸ್‌ಪಿ' ಬಿಡುವುದಿಲ್ಲ. ಸಂಜೆ ಬಿಸಿಲಿಗೆ ಆಟಗಾರ ಡಿಸ್ಕನ್ನು ಎತ್ತಿ ಹಿಡಿದಾಗ ಬೆರಳ ನೆರಳು ಆಚೆ ಕಂಡರೆ ಅರ್ಧ ಪಟ್ಟಿ ಹೊಡೆದು ಹಾಕಬಹುದು. ಇಂಥದ್ದು ಹೊಳೆದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಹಾರಾಟಕ್ಕೆ ಬರುತ್ತೇನೆ. ಮಂಡಗದ್ದೆಗೆ ಮಳೆಗಾಲದಲ್ಲಿ ಹೋದವರು ಕೈ ಎತ್ತಿ. ಓ, ಎಲ್ಲರೂ. ತುಂಗೆಯ ನಡುಗಡ್ಡೆಯಲ್ಲಿ ಹಕ್ಕಿಗಳು ತುಂಬಿರುತ್ತವೆ. ಮೋಡ ಕವಿದಾಗ ಬಣ್ಣ ಕಾಣುವುದಿಲ್ಲ, ಎಲ್ಲವೂ ಕರಿ ಚುಕ್ಕಿ. ಆದರೂ ಹಕ್ಕಿ ಬಲ್ಲವರು ಹೇಳುತ್ತಾರೆ. ಬೆಳ್ಳಕ್ಕಿ ಹಾರುವಾಗ ಕತ್ತು ಮಡಚುತ್ತದೆ. ನೀರುಕಾಗೆ ಕತ್ತು ಚಾಚಿಕೊಂಡು ಪಟಪಟ ರೆಕ್ಕೆ ಬಡಿಯುತ್ತದೆ. ಡಿಸ್ಕಿಗೂ ಹೀಗೆ ನಡಿಗೆ ಇದೆ.

ಬಲಗೈಯವನ ಡಿಸ್ಕ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಜೋರಾಗಿ ಹೋಗುವಾಗ ಗಾಳಿಯ ಒತ್ತು ಡಿಸ್ಕಿನ ನಡುವಿಗಿಂತ ಹಿಂದೆ ಬಿದ್ದು ಮೂತಿಯನ್ನು ಕೆಳಗೆ ತಳ್ಳಲು ನೋಡುತ್ತದೆ. ಜೋರು ಇಳಿದಾಗ ಒತ್ತು ಮುಂದಕ್ಕೆ ಸರಿದು ಮೂತಿ ಎತ್ತಲು ನೋಡುತ್ತದೆ. ಆದರೆ ತಿರುಗುವ ವಸ್ತುವನ್ನು ಒಂದು ಕಡೆ ತಳ್ಳಿದರೆ ಅದು ಪಕ್ಕಕ್ಕೆ ವಾಲುತ್ತದೆ. ಬುಗುರಿ ಆಡಿಸಿದವರಿಗೆ ಗೊತ್ತು. ಹಾಗಾಗಿ ಮೊದಲು ಬಲಕ್ಕೆ, ಕೊನೆಗೆ ಎಡಕ್ಕೆ. ಯಾವ ಡಿಸ್ಕ್ ಎಷ್ಟು ವಾಲುತ್ತದೆ ಅನ್ನುವುದು ಅಂಚಿನ ಆಕಾರದ ಮೇಲೆ. ಲೆಪರ್ಡ್ ಅನ್ನುವುದು ಸುಲಭವಾಗಿ ಬಲಕ್ಕೆ ಹೊರಳುತ್ತದೆ. ಅದರ ಅಂಕಿ 6, 5, -2, 1. ಫೈರ್‌ಬರ್ಡ್ ಬಲಕ್ಕೆ ಹೊರಳುವುದೇ ಇಲ್ಲ, ಹೋಗಿ ಹೋಗಿ ಎಡಕ್ಕೆ ಕತ್ತಿಯಂತೆ ಬೀಳುತ್ತದೆ. ಅದಕ್ಕೆ 9, 3, 0, 4. ಎಡಗೈಯವನಾದರೆ, ಅಥವಾ ಬಲಗೈಯವನೇ ಅಂಗೈ ಮುಂದೆ ಮಾಡಿ ಎಸೆದರೆ, ಎಲ್ಲ ಉಲ್ಟಾ.

ಆದರೆ ಹಾರಾಟ ನೋಡಿ ಹೆಸರು ಹೇಳುವುದು ಅಪಾಯ. ಡಿಸ್ಕನ್ನು ಓರೆ ಮಾಡಿ ಬಿಟ್ಟರೆ ಲೆಪರ್ಡ್ ಕೂಡ ಫೈರ್‌ಬರ್ಡಿನ ವೇಷ ಹಾಕಬಹುದು. ಎದುರು ಗಾಳಿ ಇದ್ದರೆ ಬಲಕ್ಕೆ ಹೊರಳುವುದು ಜಾಸ್ತಿ. ಹಳೆಯ ಡಿಸ್ಕ್ ಮರಕ್ಕೆ ಬಡಿದು ಬಡಿದು ಸ್ವಭಾವ ಬದಲಿಸಿಕೊಳ್ಳುತ್ತದೆ. ಹೊಸದರಲ್ಲಿ ಎಡಕ್ಕೆ ಹಟ ಮಾಡುತ್ತಿದ್ದದ್ದು ಹಳತಾದ ಮೇಲೆ ಬಲಕ್ಕೆ ಒಲಿಯುತ್ತದೆ. ಆಟಗಾರರು ಒಂದೇ ಅಚ್ಚಿನ ಎರಡು ಮೂರು ಇಟ್ಟುಕೊಳ್ಳುತ್ತಾರೆ, ಒಂದು ಹೊಸದು, ಒಂದು ಸವೆದದ್ದು. ಹೆಸರು ಒಂದೇ, ಹಾರಾಟ ಬೇರೆ. ಒಳ್ಳೆಯ ಕಾಮೆಂಟ್ರಿಯವನು 'ಇದು ಅವನ ಸವೆದ ಡೆಸ್ಟ್ರಾಯರ್' ಅಂತ ಹೇಳಿದಾಗ ನಾನು ಜಗಲಿಯಲ್ಲಿ ಒಬ್ಬನೇ ಕೂತು ಭೇಷ್ ಅಂದಿದ್ದೇನೆ.

ಇಂಥದ್ದನ್ನು ಹೇಳಲು ಆಡಿ ಗೊತ್ತಿರಬೇಕು. ಯೂಟ್ಯೂಬ್‌ನಲ್ಲಿ ಜೋಮೆಝ್‌ಪ್ರೊ ಅನ್ನುವ ತಂಡ ಆಟವನ್ನು ಚಿತ್ರೀಕರಿಸಿ, ಕತ್ತರಿಸಿ ಜೋಡಿಸಿ ಮರುದಿನ ಹಾಕುತ್ತಾ ಬಂದಿದೆ. ಅಲ್ಲಿ ಬಹಳ ಕಾಲ ಜೋಡಿಯಾಗಿ ಮಾತಾಡಿದವರು ಜೆರೆಮಿ ಕೋಲಿಂಗ್ ಮತ್ತು ನೇಟ್ ಸೆಕ್ಸ್‌ಟನ್. ಇಬ್ಬರೂ ಆಟಗಾರರು. ಸೆಕ್ಸ್‌ಟನ್ 2017ರಲ್ಲಿ ಅಮೆರಿಕ ಚಾಂಪಿಯನ್‌ಷಿಪ್ ಗೆದ್ದವನು. ಅವನ ಹೆಸರಿನಲ್ಲೇ ಫೈರ್‌ಬರ್ಡ್ ಮಾರಾಟಕ್ಕಿದೆ. ನೇರ ಪ್ರಸಾರದ ಡಿಸ್ಕ್ ಗಾಲ್ಫ್ ನೆಟ್‌ವರ್ಕ್ 2020ರಲ್ಲಿ ಶುರುವಾಯಿತು. ಅಲ್ಲಿ ಮಾತಾಡಿದ ನೇಟ್ ಡಾಸ್ ಮೂರು ಸಲದ ವಿಶ್ವ ಚಾಂಪಿಯನ್. ಈ ಎರಡು ಕೆಲಸ ಒಂದೇ ಅಲ್ಲ. ಮರುದಿನದವರಿಗೆ ವಿಡಿಯೊ ನಿಲ್ಲಿಸಿ ನೋಡುವ ಅವಕಾಶ ಇದೆ, ಅನುಮಾನ ಬಂದರೆ ಆಟಗಾರನನ್ನೇ ಕೇಳಬಹುದು. ನೇರ ಪ್ರಸಾರದವರಿಗೆ ನಾಲ್ಕೈದು ಸೆಕೆಂಡು. ಡಿಸ್ಕ್ ನೆಲಕ್ಕೆ ಬಿದ್ದ ಮೇಲೆ ಹೆಸರು ಹೇಳಿ ಏನು ಪ್ರಯೋಜನ? ತೇರು ಹೋದ ಮೇಲೆ ಬಾಳೆಹಣ್ಣು ಎಸೆದ ಹಾಗೆ.

ಹೆಸರು ಯಾಕೆ ಇಷ್ಟು ಮುಖ್ಯ ಅಂತ ನೀವು ಕೇಳಬಹುದು. ಆಯ್ಕೆ ಗೊತ್ತಾದರೆ ಮಾತ್ರ ಎಸೆತ ಅರ್ಥವಾಗುತ್ತದೆ. 2021ರ ಜೂನ್, ಯೂಟಾದ ಆಗ್ಡೆನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಕೊನೆಯ ಬುಟ್ಟಿ. ಜೇಮ್ಸ್ ಕಾನ್ರಾಡ್ ಒಂದು ಎಸೆತ ಹಿಂದಿದ್ದ, ಮುಂದಿದ್ದವನು ಮೆಕ್‌ಬೆತ್. ಕಾನ್ರಾಡ್ 247 ಅಡಿ, ಅಂದರೆ ಸುಮಾರು 75 ಮೀಟರ್ ದೂರದಿಂದ ಎಸೆದ. ನೇರ ಸರಪಳಿಗೆ. ಸಮ ಆಯಿತು, ಆಮೇಲೆ ಹೆಚ್ಚುವರಿ ಬುಟ್ಟಿಯಲ್ಲಿ ಅವನೇ ಗೆದ್ದ. ಎಸೆದದ್ದು ಎನ್ವಿ, ಆಕ್ಸಿಯಮ್‌ನ ಪಟ್ಟರ್. ಡ್ರೈವರ್ ಅಲ್ಲ. ನೇರ ಹೋಗುವ, ಮೆತ್ತಗೆ ಇಳಿಯುವ ಸಾಮಾನು. ಈ ಒಂದು ಮಾತು ಗೊತ್ತಿಲ್ಲದಿದ್ದರೆ ಅದು ಅದೃಷ್ಟದ ಎಸೆತದಂತೆ ಕಾಣುತ್ತದೆ. ಗೊತ್ತಿದ್ದರೆ ಅವನು ಬುಟ್ಟಿಗೇ ಗುರಿ ಇಟ್ಟಿದ್ದ ಅಂತ ತಿಳಿಯುತ್ತದೆ. ಭದ್ರಾವತಿಯ ವಿಶ್ವನಾಥ್ ಆಡುವಾಗ ರೇಡಿಯೊದಲ್ಲಿ 'ನಾಲ್ಕು ರನ್' ಅಂತಷ್ಟೇ ಹೇಳಿದ್ದರೆ ನಮ್ಮ ಅಪ್ಪ ರೇಡಿಯೊ ಒಡೆಯುತ್ತಿದ್ದರು. ಸ್ಕ್ವೇರ್ ಕಟ್ಟೋ ಅಲ್ಲವೋ ಅದು ಹೇಳಬೇಕು.

ಆದರೆ ಹೆಸರಿನ ಹಿಂದೆ ವ್ಯಾಪಾರವೂ ಇದೆ. ಹೆಸರು ಕೇಳಿದವರು ಹೋಗಿ ಕೊಳ್ಳುತ್ತಾರೆ. ಹೇಳುವವನೇ ಒಂದು ಕಂಪನಿಯ ಆಟಗಾರನಾಗಿದ್ದರೆ, ತನ್ನ ಕಂಪನಿಯ ಡಿಸ್ಕಿನ ಹೆಸರು ಬಾಯಿಗೆ ಬೇಗ ಬಂದೀತು. ಬೇರೆ ಕಂಪನಿಯದು 'ಒಂದು ಮಿಡ್‌ರೇಂಜ್' ಆಗಿ ಉಳಿದೀತು. ನಾನು ಯಾರ ಮೇಲೂ ಬೆರಳು ಮಾಡುತ್ತಿಲ್ಲ. ದಾನಿಗಳ ಹೆಸರನ್ನು ಇಪ್ಪತ್ತು ಸಲ ಓದುವವನು ನಾನು, ಬೇರೆಯವರಿಗೆ ಏನು ಹೇಳಲಿ.

ನಾನು ಹೇಳಬೇಕು ಅಂತ ಬಂದದ್ದು ಇನ್ನೊಂದು. ಗುರುತಿಸುವುದಕ್ಕಿಂತ ಕಷ್ಟ, ಎಷ್ಟು ಗುರುತು ಸಿಕ್ಕಿದೆ ಅಂತ ಪ್ರಾಮಾಣಿಕವಾಗಿ ಹೇಳುವುದು. ನಮ್ಮ ಭಾಷೆ ಇದಕ್ಕೆ ಒಂದು ಒಳ್ಳೆಯ ಏಣಿ ಕೊಟ್ಟಿದೆ. 'ಇದು ಬಝ್.' ನಾನು ಕಂಡಿದ್ದೇನೆ. 'ಬಝ್ ಇರಬೇಕು.' ಪೂರ್ತಿ ಕಂಡಿಲ್ಲ, ಆದರೆ ಲೆಕ್ಕ ಹಾಕಿದ್ದೇನೆ. 'ಬಝ್ ಇರಬಹುದು.' ಬೇರೆಯದೂ ಇರಬಹುದು. 'ಬಝ್ ಇದ್ದೀತು.' ಪಂದ್ಯ ಕಟ್ಟಲಾರೆ. 'ಬಝ್ ಅಂತೆ.' ಮೈದಾನದಲ್ಲಿರುವ ನಮ್ಮವರು ಹೇಳಿದರು. ಒಂದೇ ಪದ ಸೇರಿಸಿದರೆ ಸಾಕು, ಕೇಳುವವನಿಗೆ ನಾವು ಏಣಿಯ ಯಾವ ಮೆಟ್ಟಿಲ ಮೇಲೆ ನಿಂತಿದ್ದೇವೆ ಅಂತ ಗೊತ್ತಾಗುತ್ತದೆ. ಅಣ್ಣ ತಮ್ಮನ ಕಥೆಯಲ್ಲಿ ನಾನು 'ಅಣ್ಣ ಇರಬೇಕು' ಅಂದಿದ್ದರೆ ಯಾರೂ ನಗುತ್ತಿರಲಿಲ್ಲ. ಒಳ್ಳೆಯ ಡಿಸ್ಕ್ ಕಾಮೆಂಟ್ರಿಯವರೂ ಇಂಗ್ಲಿಷಿನಲ್ಲಿ ಹೀಗೇ ಮಾಡುತ್ತಾರೆ. ಮೊದಲು ಜಾತಿ ಹೇಳುತ್ತಾರೆ, 'ಪಟ್ಟರ್ ತೆಗೆದ' ಅಂತ. ಹೆಸರು ಖಾತ್ರಿಯಾದ ಮೇಲೆ ಹೆಸರು. ತಪ್ಪಾದರೆ ಮುಂದಿನ ಎಸೆತಕ್ಕೆ ಮುಂಚೆ ತಿದ್ದುತ್ತಾರೆ. ಹೊಸಬರು ಇದಕ್ಕೆ ಹೆದರುತ್ತಾರೆ. ಎಲ್ಲದಕ್ಕೂ ಹೆಸರು ಹೇಳಲೇಬೇಕು ಅಂತ ಅಂದುಕೊಂಡು ಸುಮ್ನೆ ಏನೋ ಒಂದು ಒದರುತ್ತಾರೆ.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಮೇಷ್ಟ್ರು ಕೇಳಿದರು: "ಡಿಸ್ಕಿನೊಳಗೆ ಒಂದು ಚಿಪ್ ಇಟ್ಟರೆ ಹೆಸರು ತಾನಾಗಿಯೇ ಪರದೆ ಮೇಲೆ ಬರುವುದಿಲ್ಲವೇ?" ಬರಬಹುದು ಸಾರ್. ಆದರೆ ನಿಯಮದ ಪ್ರಕಾರ ಡಿಸ್ಕಿನ ಹಾರಾಟ ಬದಲಿಸುವ ಹಾಗೆ ಏನನ್ನೂ ಸೇರಿಸುವಂತಿಲ್ಲ. ಗುರುತಿಗೆ ಅಂತ ಪ್ರತಿ ಡಿಸ್ಕಿನ ಮೇಲೆ ಆಟಗಾರನ ಗುರುತು ಇರಬೇಕು. ಅದು ಮಾತ್ರ ಕಡ್ಡಾಯ. ಅದನ್ನು ಸ್ಕೆಚ್ ಪೆನ್ನಿನಲ್ಲಿ ಬರೆದುಕೊಳ್ಳುತ್ತಾರೆ, ನಾವು ಮದುವೆ ಮನೆಗೆ ಕೊಟ್ಟ ಪಾತ್ರೆಯ ತಳದಲ್ಲಿ ಹೆಸರು ಹಾಕಿಸುವ ಹಾಗೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದಳು: "ನಿಮಗೆ ಈಗ ಗುರುತು ಸಿಗುತ್ತಾ ಅಂಕಲ್?"

ನಿಜ ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ ಅಳಿಯ ಮೂರು ಡಿಸ್ಕ್ ತರಿಸಿದ. ಒಂದು ಡ್ರೈವರ್, ಒಂದು ಮಿಡ್‌ರೇಂಜ್, ಒಂದು ಪಟ್ಟರ್. ಮೂರೂ ಬಿಳಿಯವೇ ಬೇಕು ಅಂತ ನಾನೇ ಹೇಳಿದ್ದೆ. ಅಡಿಕೆ ಒಣಗಿಸುವ ಅಂಗಳದ ಆ ತುದಿಯಿಂದ ಅವನು ಗದ್ದೆ ಕಡೆ ಎಸೆಯುವುದು, ನಾನು ಜಗಲಿಯಲ್ಲಿ ಕೂತು ಹೇಳುವುದು. ಕೇರಿಯ ಮಕ್ಕಳೆಲ್ಲ ಸೇರಿದರು. ಮೊದಲ ಹತ್ತರಲ್ಲಿ ನಾಲ್ಕು ಸರಿ ಹೇಳಿದೆ. ಮುಂದಿನ ಹತ್ತಕ್ಕೆ ಅವನ ಬೆರಳು ನೋಡಲು ಶುರು ಮಾಡಿದೆ, ಎಂಟಕ್ಕೆ ಏರಿತು. ಧೈರ್ಯ ಬಂತು. ಕೊನೆಯ ಎಸೆತ. ಬೆರಳು ಹರಡಿದ್ದಾನೆ, ಅಂಚು ಕಿರಿದು, ಮೆತ್ತಗೆ ತೇಲಿತು, ಕೊನೆಗೆ ಸ್ವಲ್ಪ ಎಡಕ್ಕೆ. ಎದ್ದು ನಿಂತು ಕೂಗಿದೆ: "ಪಟ್ಟರ್! ಇದು ಪಟ್ಟರ್!"

ಮಕ್ಕಳು ಬಿದ್ದು ಬಿದ್ದು ನಕ್ಕವು. ಒಳಗಿನಿಂದ ಅಕ್ಕ ಬಂದಳು, ಕೈಲಿ ಸುಣ್ಣ ಬಣ್ಣದ ಖಾಲಿ ಬಕೆಟ್ಟು. "ಇದರ ಮುಚ್ಚಳ ಎಲ್ಲೋ?" ಅಂತ ಮಗನನ್ನು ಕೇಳಿದಳು.

ಪಟ್ಟರ್ 'ಇದ್ದೀತು' ಅನ್ನಬೇಕಿತ್ತು.